ನಿಸರ್ಗ ಸಂರಕ್ಷಣೆ ಓದಿಸಿದರೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಕೊಥ್ರೂಡ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಪುಣೆಯಲ್ಲೇ ನೆಲೆ ನಿಂತಿದ್ದೇವೆ. ಮಗಳು ಈಗ 12ನೇ ತರಗತಿಯಲ್ಲಿದ್ದಾಳೆ. ಬಯಾಲಜಿ, ಗಣಿತ ಎರಡೂ ತೆಗೆದುಕೊಂಡಿದ್ದಾಳೆ. ಅವಳಿಗೆ ಕಾಡು, ನೀರು, ಮಣ್ಣು ಉಳಿಸುವ ಓದೇ ಬೇಕಂತೆ. ಭಾನುವಾರ ಬೆಳಿಗ್ಗೆ ವೇತಾಳ ಟೇಕಡಿ ಹತ್ತಿ ಹಕ್ಕಿಗಳ ಪಟ್ಟಿ ಬರೆದುಕೊಂಡು ಬರುವುದು ಅವಳ ರೂಢಿ. ಹಾಗಾಗಿ ಯಾರನ್ನೋ ನೋಡಿ ಹುಟ್ಟಿದ ಆಸೆ ಅಂತ ನನಗೆ ಅನಿಸುವುದಿಲ್ಲ.

ತಲೆಬಿಸಿ ಇರುವುದು ದುಡ್ಡಿನದು. ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಅಂತಲೇ ಮೂರು ವರ್ಷದ ಬಿ.ಎಸ್‌ಸಿ. ಇದೆ. ಫೀಸು ವರ್ಷಕ್ಕೆ 4 ಲಕ್ಷ, ಹಾಸ್ಟೆಲ್ ಬೇರೆ. ಅವಳ ಓದಿಗೆ ಅಂತ ನಾವು ತೆಗೆದಿಟ್ಟಿರುವುದು 9 ಲಕ್ಷ. ಅವಳ ಹಿಂದೆ ತಮ್ಮನೂ ಇದ್ದಾನೆ. ನಮ್ಮವರು "ಮೊದಲು ಇಂಜಿನಿಯರಿಂಗ್ ಮುಗಿಸಲಿ, ಆಮೇಲೆ ಕಾಡಿಗಾದರೂ ಹೋಗಲಿ" ಎನ್ನುತ್ತಾರೆ. ಅಮೆರಿಕದಲ್ಲಿರುವ ಮೈದುನ "ವೈನಿ, ಇಲ್ಲಿಗೆ ಎಂ.ಎಸ್.ಗೆ ಕಳಿಸಿ, ಈ ಓದಿಗೆ ಇಲ್ಲಿ ಬೆಲೆ ಇದೆ" ಎನ್ನುತ್ತಾನೆ.

ಮಗಳ ಆಸೆ ಮುರಿಯುವ ಮನಸ್ಸು ನನಗಿಲ್ಲ. ಆದರೆ ಓದು ಮುಗಿದ ಮೇಲೆ ಕೆಲಸ ಕೊಡುವವರು ಯಾರು, ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ಸಾಲ ಮಾಡಿದರೆ ತೀರುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.

ಮಾಟುಂಗಾ ಮಾಮಾ

ನಿಮ್ಮ ಯಜಮಾನರು ಹೇಳುವುದೇ ಸರಿ ತಂಗಿ. ನಾಲ್ಕು ವರ್ಷ ಇಂಜಿನಿಯರಿಂಗ್ ಮಾಡಿದರೆ ಕೈಯಲ್ಲಿ ಒಂದು ಗಟ್ಟಿ ಡಿಗ್ರಿ ಉಂಟು. ಮುಂಬೈ, ಪುಣೆಯಲ್ಲಿ ಮನೆ ಬಾಡಿಗೆ ಕಟ್ಟಿ ಬದುಕಬೇಕಾದರೆ ಹಕ್ಕಿ ಪಟ್ಟಿಯಿಂದ ಆಗುವುದಿಲ್ಲ. ಹುಡುಗಿಯ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೇನೆ.

ಡೊಂಬಿವಲಿ ಬ್ಯಾಂಕ್ ಭಟ್ರು

ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಕಾಡಿನ ವಿಷಯ ನನಗೆ ಗೊತ್ತಿಲ್ಲ, ಸಾಲದ ಲೆಕ್ಕ ಗೊತ್ತು. ಅದನ್ನು ಹೇಳುತ್ತೇನೆ.

ಆ ಖಾಸಗಿ ಕೋರ್ಸಿಗೆ ಫೀಸು 12 ಲಕ್ಷ. ಹಾಸ್ಟೆಲ್, ಊಟ, ಓಡಾಟ ಸೇರಿ 16 ಲಕ್ಷ ಅಂತ ಇಟ್ಟುಕೊಳ್ಳಿ. ನಿಮ್ಮ 9 ಹೋಗಿ 7 ಲಕ್ಷ ಸಾಲ. ಬ್ಯಾಂಕು ವರ್ಷ ವರ್ಷ ಕಂತಿನಲ್ಲಿ ಬಿಡುತ್ತದೆ. ಓದುವಾಗ ಮತ್ತು ಓದು ಮುಗಿದು ಒಂದು ವರ್ಷ ಇಎಂಐ ಇರುವುದಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಶೇ. 10 ಬಡ್ಡಿ ಅಂದರೆ ಕಟ್ಟಲು ಶುರು ಮಾಡುವ ಹೊತ್ತಿಗೆ 7 ಲಕ್ಷ ಹೋಗಿ 9 ಲಕ್ಷದ ಆಸುಪಾಸು ಆಗಿರುತ್ತದೆ. ಅದನ್ನು 10 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 11,900 ರೂಪಾಯಿ.

ಈಗ ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬರೀ ಬಿ.ಎಸ್‌ಸಿ.ಗೆ ಕೆಲಸ ಸಿಗುತ್ತದಾ, ಇಲ್ಲ ಎಂ.ಎಸ್‌ಸಿ. ಬೇಕೇ ಬೇಕಾ? ಬೇಕು ಅಂತಾದರೆ, ಹುಡುಗಿ ಎಂ.ಎಸ್‌ಸಿ. ಎರಡನೇ ವರ್ಷಕ್ಕೆ ಬರುವಾಗಲೇ ಹಳೇ ಸಾಲದ ರಿಯಾಯಿತಿ ಅವಧಿ ಮುಗಿದಿರುತ್ತದೆ. ಮುಂದಕ್ಕೆ ಹಾಕಿ ಅಂತ ಬ್ಯಾಂಕಿಗೆ ಬರೆದು ಕೇಳಿಕೊಳ್ಳಬೇಕಾಗುತ್ತದೆ. ಇದನ್ನು ಯಾವ ಕಾಲೇಜಿನವರೂ ಹೇಳುವುದಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ನನ್ನ ಟೇಬಲ್ ಮುಂದೆ ಕೂತಾಗಲೇ ಈ ಲೆಕ್ಕ ಮೊದಲ ಸಲ ಕೇಳಿದ್ದು.

ಇನ್ನೊಂದು ಮಾತು. ಓದಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ, 8 ವರ್ಷದವರೆಗೆ. ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ.

ಪಣಜಿ ಫೀಲ್ಡ್ ಮನುಷ್ಯ

ಭಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಎಂ.ಎಸ್‌ಸಿ. ಬೇಕೇ ಬೇಕು. ಬರೀ ಬಿ.ಎಸ್‌ಸಿ. ಹಿಡಿದು ಬಂದವರಿಗೆ ಈ ಕ್ಷೇತ್ರದಲ್ಲಿ ಸಿಗುವುದು ಮೂರು ಆರು ತಿಂಗಳ ಸಹಾಯಕ ಕೆಲಸ ಅಷ್ಟೇ. ಬಿ.ಎಸ್‌ಸಿ. ಫಾರೆಸ್ಟ್ರಿ ಮಾತ್ರ ಬೇರೆ, ಅದರ ವಿಷಯ ಆ ಓದು ಮಾಡಿದವರು ಹೇಳಲಿ.

ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ., ಪರಿಸರ ವಿಜ್ಞಾನದಲ್ಲಿ ಎಂ.ಎಸ್‌ಸಿ., ಎರಡೂ ಸರಕಾರಿ ಫೀಸಿನಲ್ಲಿ. ಈಗ ಪರಿಸರ ಪರಿಣಾಮ ಅಧ್ಯಯನ, ಅಂದರೆ ಇಐಎ ಮಾಡುವ ಕನ್ಸಲ್ಟೆನ್ಸಿಯಲ್ಲಿದ್ದೇನೆ. ಕೆಲಸ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತಾದರೆ ಸಂಬಳ ಯಾಕೆ ಹೀಗೆ ಅಂತಲೂ ಗೊತ್ತಾಗುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

2006ರ ಇಐಎ ಅಧಿಸೂಚನೆ ಪ್ರಕಾರ ಗಣಿ, ಬಂದರು, ಹೆದ್ದಾರಿ, ದೊಡ್ಡ ಕಟ್ಟಡ ಇಂಥವಕ್ಕೆ ಮೊದಲೇ ಪರಿಸರ ಅನುಮತಿ ಬೇಕು. ಅದರಲ್ಲಿ ಅಧ್ಯಯನ ವರದಿ ಕೇಳುವ ಯೋಜನೆಗಳಿಗೆ ವರದಿ ಬರೆಯುವ ಸಂಸ್ಥೆಗೆ ನಾಬೆಟ್ ಎನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು. ಮಾನ್ಯತೆ ಸಿಗಬೇಕಾದರೆ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಅನುಮೋದಿತ ತಜ್ಞ ಇರಬೇಕು. ಗಾಳಿಗೆ ಒಬ್ಬರು, ನೀರಿಗೆ ಒಬ್ಬರು, ಜೀವವೈವಿಧ್ಯಕ್ಕೆ ಒಬ್ಬರು. ನಮ್ಮಂಥವರ ಹೊಟ್ಟೆ ತುಂಬುತ್ತಿರುವುದು ಈ ಒಂದು ನಿಯಮದಿಂದ. ಕಾನೂನು ಕೇಳುತ್ತದೆ, ಆದ್ದರಿಂದ ಕಂಪನಿ ದುಡ್ಡು ಕೊಡುತ್ತದೆ.

ಕೆಲಸ ಹೇಗಿರುತ್ತದೆ ಅಂದರೆ, ಯೋಜನೆಯ ಜಾಗದ ಸುತ್ತ 10 ಕಿ.ಮೀ. ತಿರುಗಬೇಕು. ಹಗ್ಗ ಕಟ್ಟಿ 10 ಮೀಟರ್ ಚೌಕ ಮಾಡಿ ಒಳಗಿನ ಮರಗಳನ್ನೆಲ್ಲ ಗುರುತಿಸಬೇಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ಸುತ್ತಳತೆ ಬರೆಯಬೇಕು. ಹುಲ್ಲು, ಸಣ್ಣ ಗಿಡಕ್ಕೆ 1 ಮೀಟರ್ ಚೌಕ ಸಾಕು, ಆದರೆ ಮಂಡಿಯೂರಿ ನೋಡಬೇಕು. ಮತ್ತಿ ಯಾವುದು, ಹೊನ್ನೆ ಯಾವುದು ಅಂತ ಎಲೆ ಉದುರಿದಾಗಲೂ ತೊಗಟೆ ನೋಡಿ ಹೇಳಲು ಬರಬೇಕು. ಹೆಜ್ಜೆ, ಲದ್ದಿ, ಕೂಗು ಎಲ್ಲ ಬರೆದುಕೊಳ್ಳಬೇಕು. ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ, ಅಂದರೆ ಹೆಚ್ಚಿನ ರಕ್ಷಣೆ ಇರುವ ಪಟ್ಟಿಯ ಪ್ರಾಣಿ ಸಿಕ್ಕಿದರೆ ಅದಕ್ಕೆ ಪ್ರತ್ಯೇಕ ಸಂರಕ್ಷಣಾ ಯೋಜನೆ ಬರೆಯಬೇಕು, ಅದಕ್ಕೆ ಕಂಪನಿ ಹಣ ಇಡಬೇಕು. ಒಂದು ಹೆಸರು ಪಟ್ಟಿಗೆ ಸೇರುವುದಕ್ಕೂ ಬಿಡುವುದಕ್ಕೂ ಅಷ್ಟು ವ್ಯತ್ಯಾಸ.

ನಾನು ಶುರು ಮಾಡಿದಾಗ ಕೈಗೆ ಬರುತ್ತಿದ್ದುದು 20 ಸಾವಿರದ ಒಳಗೆ. ಈಗ ಹೊಸ ಹುಡುಗರಿಗೆ ನಮ್ಮಲ್ಲಿ 25ರಿಂದ 30 ಕೊಡುತ್ತಾರೆ. ಮೊದಲ ನಾಲ್ಕೈದು ವರ್ಷ ಏರಿಕೆ ನಿಧಾನ. ತಜ್ಞ ಅಂತ ಹೆಸರು ಅನುಮೋದನೆ ಆದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಆಗ ಸಂಸ್ಥೆಗೆ ನೀವು ಬೇಕಾಗುತ್ತೀರಿ. ಅಲ್ಲಿವರೆಗೆ ತಾಳಿಕೊಳ್ಳಲು ತಲೆ ಮೇಲೆ ಸಾಲ ಇರಬಾರದು. 28 ಸಾವಿರದಲ್ಲಿ 11,900 ಇಎಂಐ ಹೋದರೆ ಉಳಿದದ್ದರಲ್ಲಿ ಯಾವ ಊರಿನಲ್ಲಿ ಬದುಕುತ್ತೀರಿ?

ಅಕ್ಕಾ, ಇನ್ನೊಂದು ಮುಖ್ಯ ವಿಷಯ. ಮಗಳಿಗೆ ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಆಸೆ ಸ್ವಲ್ಪವಾದರೂ ಇದ್ದರೆ ಯುಪಿಎಸ್‌ಸಿ ಅರ್ಹತೆ ಈಗಲೇ ಓದಿಕೊಳ್ಳಿ. ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಪಶುವೈದ್ಯಕೀಯ ಇವುಗಳಲ್ಲಿ ಒಂದಾದರೂ ವಿಷಯವಾಗಿ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಪದವಿ ಆಗಿರಬೇಕು. ಪರಿಸರ ವಿಜ್ಞಾನ ಅನ್ನುವ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಸಂಪನ್ಮೂಲ ಸಂರಕ್ಷಣೆ ಅನ್ನುವ ಹೆಸರೂ ಇಲ್ಲ. ಆ ಮೂರು ವರ್ಷದ ಕೋರ್ಸಿನ ವಿಷಯಗಳ ಪಟ್ಟಿ ತರಿಸಿ ನೋಡಿ. ಯುಪಿಎಸ್‌ಸಿ ಪಟ್ಟಿಯ ಒಂದು ವಿಷಯವೂ ಪೂರ್ಣ ವಿಷಯವಾಗಿ ಇಲ್ಲದಿದ್ದರೆ, ಈ ಕ್ಷೇತ್ರದ ದೊಡ್ಡ ಹುದ್ದೆಯ ಬಾಗಿಲು 18ನೇ ವಯಸ್ಸಿನಲ್ಲೇ ಮುಚ್ಚಿಕೊಳ್ಳುತ್ತದೆ. ಅದೂ 12 ಲಕ್ಷ ಕೊಟ್ಟು.

ಕೊಥ್ರೂಡ್ ಅಮ್ಮ

ಈ ಪಟ್ಟಿಯ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಕೌನ್ಸೆಲಿಂಗ್‌ಗೆ ಹೋದಾಗ ಅಲ್ಲಿನವರು "ಐಎಫ್‌ಎಸ್‌ಗೂ ಹೋಗಬಹುದು" ಅಂತಲೇ ಹೇಳಿದ್ದರು. ವಿಷಯಗಳ ಪಟ್ಟಿ ಕೊಡಿ ಅಂತ ಇವತ್ತೇ ಮೇಲ್ ಹಾಕಿದೆ.

ಐರೋಲಿ ಕಾಂಡ್ಲಾ

ಪಣಜಿ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಮುಖ ಸೇರಿಸುತ್ತೇನೆ. ನಾನು ಸಂಶೋಧನಾ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡುವವಳು. ಕುಂದಾಪುರದ ಕಡೆಯವಳು, ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ ನೋಡಿಕೊಂಡೇ ಬೆಳೆದೆ. ಈಗ ಠಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕದ ಕಾಂಡ್ಲಾ ಕಾಡಿನಲ್ಲಿ ಕೆಲಸ.

ಮುಂಬೈಯಲ್ಲಿ ಈ ಕ್ಷೇತ್ರ ಬೆಳೆದಿದೆ ಅನ್ನುವುದು ನಿಜ. ಮಹಾರಾಷ್ಟ್ರ ಸರಕಾರ 2012ರಲ್ಲಿ ಕಾಂಡ್ಲಾಗೆ ಅಂತಲೇ ಮ್ಯಾಂಗ್ರೋವ್ ಸೆಲ್ ಮಾಡಿತು. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಬಂತು, 2022ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಿಂದ ಇಲ್ಲೇ ಇದೆ. ಹಾಗಾಗಿ ಕೆಲಸ ಇಲ್ಲ ಅಂತ ಅಲ್ಲ. ಆದರೆ ಕೆಲಸದ ರೀತಿ ನೋಡಿ. ಹೆಚ್ಚಿನವು 11 ತಿಂಗಳ ಕಾಂಟ್ರ್ಯಾಕ್ಟ್. ಪ್ರಾಜೆಕ್ಟ್ ಮುಗಿದರೆ ಮನೆಗೆ. ಮಧ್ಯೆ ಎರಡು ಮೂರು ತಿಂಗಳು ಖಾಲಿ. ಪಿಎಫ್ ಎಲ್ಲ ಕಡೆ ಇರುವುದಿಲ್ಲ. ಇಳಿತದ ಹೊತ್ತು ನೋಡಿ ಕೆಸರಿಗೆ ಇಳಿಯಬೇಕು, ಅದು ಬೆಳಗಿನ ಜಾವ ನಾಲ್ಕಕ್ಕೂ ಇರಬಹುದು. ಭರತ, ಅಂದರೆ ಉಬ್ಬರ ಬರುವ ಮೊದಲು ಸಸಿ ಎಣಿಸಿ ಹೊರಗೆ ಬರಬೇಕು. ಮೊಣಕಾಲವರೆಗೆ ಕೆಸರು, ಅದರಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್. ಅಪ್ಪ ಅಮ್ಮ ಒಮ್ಮೆ ಬಂದು ನೋಡಿ ಅತ್ತೇಬಿಟ್ಟರು.

ಈ ದಾರಿ ಬಿಡದೆ ನಾನು ಉಳಿದದ್ದು ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಿಂದ. ಜೆಆರ್‌ಎಫ್ ಎನ್ನುವ ಸಂಶೋಧನಾ ವೇತನ ಸಿಕ್ಕಿದರೆ ತಿಂಗಳಿಗೆ 37,000, ಎರಡು ವರ್ಷ ಆದ ಮೇಲೆ ಎಸ್‌ಆರ್‌ಎಫ್ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ದರ. ಪಿಎಚ್.ಡಿ. ಮುಗಿಯುವವರೆಗೆ ಐದು ವರ್ಷ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ನೆಟ್ ಇಲ್ಲದವರು ಅದೇ ಕೆಸರಿನಲ್ಲಿ ಅದೇ ಕೆಲಸ ಮಾಡಿ ಕಡಿಮೆ ತೆಗೆದುಕೊಳ್ಳುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ, ಆದರೆ ಇರುವುದೇ ಹಾಗೆ.

ಸಂರಕ್ಷಣೆ ಕ್ಷೇತ್ರಕ್ಕೆ ಸಾಲ ಮಾಡಿ ಬಂದವರು ಬೇಗ ಬಿಟ್ಟು ಹೋಗುತ್ತಾರೆ. ಆಸಕ್ತಿ ಇಲ್ಲ ಅಂತ ಅಲ್ಲ, ಕಂತು ಕಟ್ಟಬೇಕಲ್ಲ. ನನ್ನ ಜೊತೆ ಇದ್ದ ಬಹಳ ಒಳ್ಳೆಯ ಹುಡುಗಿ, ಏಡಿಗಳ ಬಗ್ಗೆ ನಮಗೆಲ್ಲ ಹೇಳಿಕೊಟ್ಟವಳು, ಈಗ ಕಾಲ್ ಸೆಂಟರಿನಲ್ಲಿದ್ದಾಳೆ.

ಮಾಟುಂಗಾ ಮಾಮಾ

ಇದನ್ನೇ ನಾನು ಹೇಳಿದ್ದು ಮಾರಾಯ್ರೆ.

ಹಿಂಜವಡಿ ಶಿರಸಿಯವ

ಮಾಮಾ, ಒಂದು ನಿಮಿಷ. ಎಲ್ಲ ದಾರಿಯೂ ಹಾಗಲ್ಲ. ನಾನು ಶಿರಸಿ ಅರಣ್ಯ ಕಾಲೇಜಿನಲ್ಲಿ ಓದಿದವನು. ಇವತ್ತು ಪುಣೆಯಲ್ಲಿ ನನ್ನ ಜೊತೆ ಬಾಡಿಗೆಗೆ ಇರುವ ಇಂಜಿನಿಯರುಗಳಿಗಿಂತ ಕಡಿಮೆ ಏನೂ ಗಳಿಸುತ್ತಿಲ್ಲ.

ಅಕ್ಕಾ, ನಿಮ್ಮ ಲೆಕ್ಕದಲ್ಲಿ ಕಾಣೆಯಾಗಿರುವುದು ಬಿ.ಎಸ್‌ಸಿ. ಆನರ್ಸ್ ಫಾರೆಸ್ಟ್ರಿ. ನಾಲ್ಕು ವರ್ಷದ ಓದು. ಕರ್ನಾಟಕದಲ್ಲಿ ಎರಡು ಕಾಲೇಜು. ಶಿರಸಿಯದು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ಪೊನ್ನಂಪೇಟೆಯದು ಈಗ ಶಿವಮೊಗ್ಗದ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯದ್ದು. ಮಹಾರಾಷ್ಟ್ರದಲ್ಲಿ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ ಇದೆ, ಅಕೋಲಾದಲ್ಲೂ ಇದೆ. ನಿಮಗೆ ದಾಪೋಲಿ ಹತ್ತಿರ, ಎಂಎಚ್‌ಟಿ-ಸಿಇಟಿ ಮೇಲೆ ಸೀಟು. ಇವೆಲ್ಲ ಸರಕಾರಿ ಫೀಸು. ನೀವು ಒಂದು ವರ್ಷಕ್ಕೆ ಕೊಡಬೇಕು ಅಂತಿರುವ 4 ಲಕ್ಷದಲ್ಲಿ ಇಲ್ಲಿ ಹಾಸ್ಟೆಲ್ ಸೇರಿ ಪೂರ್ತಿ ಓದು ಮುಗಿಸುವವರಿದ್ದಾರೆ. ಉಳಿದ ದುಡ್ಡು ಮಗನಿಗೋ, ಅವಳ ಮುಂದಿನ ಓದಿಗೋ ಹಾಗೇ ಇರುತ್ತದೆ.

ಓದು ಪುಸ್ತಕದ್ದು ಮಾತ್ರ ಅಲ್ಲ. ನರ್ಸರಿ ಮಾಡಬೇಕು, ಸಸಿ ಕಸಿ ಮಾಡಬೇಕು, ಮರದ ಘನ ಅಳತೆ ಲೆಕ್ಕ ಹಾಕಬೇಕು, ಸರ್ವೆ ಮಾಡಬೇಕು. ಕೊನೆಯ ವರ್ಷ ಇಲಾಖೆ, ಹಳ್ಳಿ, ಕಾರ್ಖಾನೆ ಅಂತ ಹೊರಗೆ ಕಳಿಸುತ್ತಾರೆ. ಅಲ್ಲಿ ಒಬ್ಬ ಫಾರೆಸ್ಟರ್ ಹಿಂದೆ ತಿರುಗಿ ಕಲಿತದ್ದು ನನಗೆ ಇಂದಿಗೂ ಬರುತ್ತದೆ. ಬೆಂಕಿ ರೇಖೆ ಎಲ್ಲಿ ತೆಗೆಯಬೇಕು ಅಂತ ಗಾಳಿ ನೋಡಿ ಹೇಳುತ್ತಿದ್ದರು ಅವರು.

ಇದರ ದೊಡ್ಡ ಲಾಭ ಎಂದರೆ ಬಾಗಿಲುಗಳು. ಐಎಫ್‌ಎಸ್‌ಗೆ ಈ ಪದವಿ ನೇರ ಅರ್ಹತೆ. ಅಲ್ಲಿ ಶುರುವಿನ ಮೂಲ ವೇತನ 56,100, ಭತ್ಯೆ ಬೇರೆ. ಆದರೆ ಇಡೀ ದೇಶಕ್ಕೆ 2022ರಿಂದ 2025ರವರೆಗೆ ವರ್ಷಕ್ಕೆ 150ರ ಸುಮಾರಿಗೆ ಹುದ್ದೆ ಇದ್ದವು, ಆದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. ಕರ್ನಾಟಕದಲ್ಲಿ ವಲಯ ಅರಣ್ಯಾಧಿಕಾರಿ ನೇರ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಅಂತ ಒಂದು ಪಾಲು ಇದೆ. ಆ ಪಾಲು ಕಡಿಮೆ ಮಾಡಬೇಡಿ ಅಂತ ಶಿರಸಿ, ಪೊನ್ನಂಪೇಟೆ ವಿದ್ಯಾರ್ಥಿಗಳು ಬೀದಿಗೆ ಇಳಿದದ್ದೂ ಉಂಟು. ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಅದು ನಿಜವಾದ ಕಷ್ಟ. ಕಾದು ಕಾದು 30 ದಾಟಿದ ಗೆಳೆಯರು ನನಗಿದ್ದಾರೆ. ಮಹಾರಾಷ್ಟ್ರದಲ್ಲಿ ಎಂಪಿಎಸ್‌ಸಿ ಅರಣ್ಯ ಸೇವೆ ಪರೀಕ್ಷೆ ಇದೆ. ಮಗಳು ಪುಣೆಯಲ್ಲೇ ಬೆಳೆದವಳು, ಮರಾಠಿ ಚೆನ್ನಾಗಿ ಬರುತ್ತದಲ್ಲ, ಅದು ಅವಳಿಗೆ ಅನುಕೂಲ.

ಸರಕಾರಿ ಕೆಲಸ ಸಿಗದಿದ್ದರೆ? ನಾನು ಭೋಪಾಲದ ಐಐಎಫ್‌ಎಂಗೆ ಹೋದೆ. ಕ್ಯಾಟ್ ಬರೆದು ಹೋಗುವ ಜಾಗ, ಅರಣ್ಯ ನಿರ್ವಹಣೆಯ ಎಂಬಿಎ. ಅಲ್ಲಿ ಫೀಸು ಲಕ್ಷಗಳಲ್ಲಿದೆ, ನಾನೂ ಸಾಲ ತೆಗೆದೆ. ಆದರೆ ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ. ಯಾಕೆ ಬರುತ್ತವೆ ಅಂದರೆ ಇಲ್ಲೂ ಕಾನೂನೇ ಕಾರಣ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2022-23ರಿಂದ ಅಲ್ಲಿನ ಮೊದಲ 1,000 ಕಂಪನಿಗಳಿಗೆ ಸುಸ್ಥಿರತೆಯ ವರದಿ, ಅಂದರೆ ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಮಾಡಿತು. ನೀರು ಎಷ್ಟು ಬಳಸಿದಿರಿ, ಕಸ ಎಲ್ಲಿ ಹೋಯಿತು, ಹೊಗೆ ಎಷ್ಟು ಬಿಟ್ಟಿರಿ ಎಲ್ಲ ಲೆಕ್ಕ ಕೊಡಬೇಕು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2 ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಅಂತಲೇ ಬರೆದಿದೆ. ಮುಂಬೈ, ಪುಣೆಯಲ್ಲಿ ಕಂಪನಿಗಳ ಮುಖ್ಯ ಕಚೇರಿಗಳೇ ಇರುವುದರಿಂದ ಈ ಕೆಲಸಗಳೂ ಇಲ್ಲೇ ಜಾಸ್ತಿ.

ನಾನು ಇಡೀ ದಿನ ಎಕ್ಸೆಲ್ ಮುಂದೆ ಇರುತ್ತೇನೆ, ಕಾಡಿಗೆ ಹೋಗುವುದು ರಜೆಯಲ್ಲಿ. ಐರೋಲಿ ಅಕ್ಕ ಕೆಸರಿನಲ್ಲಿ ಮಾಡುವ ಕೆಲಸಕ್ಕೆ ನನ್ನ ಕೆಲಸಕ್ಕಿಂತ ಹೆಚ್ಚು ಬೆಲೆ ಸಿಗಬೇಕಿತ್ತು ಅಂತ ನನಗೆ ನಿಜವಾಗಿ ಅನಿಸುತ್ತದೆ. ಆದರೆ ದುಡ್ಡು ಇರುವುದು ವರದಿಯ ಹತ್ತಿರ, ಗಿಡದ ಹತ್ತಿರ ಅಲ್ಲ. ಇದನ್ನು ಮಗಳಿಗೂ ಈಗಲೇ ಹೇಳಿ. ಅವಳಿಗೆ ಯಾವುದು ಬೇಕು ಅಂತ ಅವಳೇ ಯೋಚಿಸಲಿ.

ಪಣಜಿ ಫೀಲ್ಡ್ ಮನುಷ್ಯ

ಶಿರಸಿ ಗೆಳೆಯರೇ, ನೀವು ಹೇಳಿದ್ದು ಸರಿ. ಒಂದೇ ಸೇರಿಸುತ್ತೇನೆ. ಕಾರ್ಬನ್ ಕ್ರೆಡಿಟ್, ಅಂದರೆ ಕಾಡು ಬೆಳೆಸಿ ಹೊಗೆ ಕಡಿಮೆ ಮಾಡಿದ್ದಕ್ಕೆ ಮಾರುವ ಪತ್ರ, ಅಂತ ಈಗ ಬಹಳ ಕಾಲೇಜುಗಳು ಜಾಹೀರಾತು ಹಾಕುತ್ತಿವೆ, ಅದೊಂದನ್ನೇ ನಂಬಿ ಕೋರ್ಸ್ ತೆಗೆದುಕೊಳ್ಳಬೇಡಿ. ಕಾಡಿನ ಕ್ರೆಡಿಟ್‌ಗಳ ಲೆಕ್ಕ ಎಷ್ಟು ನಿಜ ಅಂತ 2023ರಲ್ಲಿ ಪ್ರಪಂಚದಾದ್ಯಂತ ಪ್ರಶ್ನೆ ಎದ್ದಿತ್ತು. ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು, ಮತ್ತು ಸಂಖ್ಯಾಶಾಸ್ತ್ರ ಕಲಿತವರಿಗೆ ಮಾತ್ರ ಯಾವ ಕಾಲದಲ್ಲೂ ಕೆಲಸ ಇದೆ. ಅದಕ್ಕೆ ದುಡ್ಡು ಬೇಕಿಲ್ಲ. ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್ ಉಚಿತ, ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್ ಉಚಿತ. ಡೆಹ್ರಾಡೂನಿನ ಐಐಆರ್‌ಎಸ್, ಅಂದರೆ ಇಸ್ರೋದ ದೂರಸಂವೇದಿ ಸಂಸ್ಥೆ, ಆನ್‌ಲೈನ್‌ನಲ್ಲಿ ಉಚಿತವಾಗಿ ಪಾಠ ಹೇಳುತ್ತದೆ. ನಮ್ಮಲ್ಲಿ ಸಂದರ್ಶನಕ್ಕೆ ಬಂದವರಿಗೆ ಒಂದು ಉಪಗ್ರಹ ಚಿತ್ರ ಕೊಟ್ಟು, ಇದರಲ್ಲಿ ಕಾಡು, ಗೇರು ತೋಟ ಬೇರೆ ಮಾಡಿ ನಕ್ಷೆ ಮಾಡಿ ಎನ್ನುತ್ತೇವೆ. ಯಾವ ಕಾಲೇಜು ಅಂತ ಕೇಳುವುದು ಆಮೇಲೆ.

ಪೊವಾಯಿ ವಾಪಸಾತಿ

ಅಮೆರಿಕದ ವಿಷಯ ನಾನು ಹೇಳಬಲ್ಲೆ. ಅಲ್ಲಿ ನೈಸರ್ಗಿಕ ಸಂಪನ್ಮೂಲದಲ್ಲೇ ಎಂ.ಎಸ್. ಮಾಡಿ ಬಂದವಳು.

ನಿಮ್ಮ ಮೈದುನ ಹೇಳುವುದು ಅಲ್ಲಿನ ಪ್ರಜೆಗಳಿಗೆ ಸರಿ. ಅಲ್ಲಿ ಈ ಓದಿನವರಿಗೆ ಬಹು ದೊಡ್ಡ ಕೆಲಸದಾತ ಅಂದರೆ ಫೆಡರಲ್ ಸರಕಾರ. 1905ರಲ್ಲಿ ಶುರುವಾದ ಫಾರೆಸ್ಟ್ ಸರ್ವಿಸ್, ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಮಣ್ಣು ನೀರು ನೋಡಿಕೊಳ್ಳುವ ಎನ್‌ಆರ್‌ಸಿಎಸ್. ಈ ಕೊನೆಯದು 1930ರ ದಶಕದ ದೂಳಿನ ಬಿರುಗಾಳಿಗಳ ಕಾಲದಲ್ಲಿ, 1935ರಲ್ಲಿ ಮಣ್ಣು ಸಂರಕ್ಷಣಾ ಇಲಾಖೆಯಾಗಿ ಹುಟ್ಟಿದ್ದು. ಅಲ್ಲಿನ ಪದವೀಧರರು ಜಿಎಸ್-5, ಜಿಎಸ್-7 ಎನ್ನುವ ಶುರುವಿನ ವೇತನ ದರ್ಜೆಯಲ್ಲಿ ಸೇರಿ ನಿಧಾನವಾಗಿ ಮೇಲೆ ಹೋಗುತ್ತಾರೆ. ಒಳ್ಳೆಯ ಪಿಂಚಣಿ, ಒಳ್ಳೆಯ ವಿಮೆ. ಆದರೆ ಆ ಕೆಲಸಗಳು ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಉಳಿಯುವುದು ಖಾಸಗಿ ಕನ್ಸಲ್ಟೆನ್ಸಿ, ವಿಶ್ವವಿದ್ಯಾಲಯ, ಎನ್‌ಜಿಒ. ಅವುಗಳಲ್ಲಿ ವೀಸಾ ಕೊಡಿಸುವವರು ಕಡಿಮೆ. ಓದಿನ ನಂತರ ಒಪಿಟಿ, ಅಂದರೆ ಅಲ್ಲೇ ಕೆಲಸ ಮಾಡುವ ಅನುಮತಿ ಒಂದು ವರ್ಷ, ಸ್ಟೆಮ್, ಅಂದರೆ ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸ್ ಆದರೆ ಇನ್ನೂ 24 ತಿಂಗಳು. ಅಷ್ಟರಲ್ಲಿ ದಾರಿ ಸಿಗಬೇಕು. ಅಲ್ಲಿನವರಿಗೂ ಈಗ ಭದ್ರತೆ ಇಲ್ಲ. 2025ರ ಫೆಬ್ರುವರಿಯಲ್ಲಿ ಫಾರೆಸ್ಟ್ ಸರ್ವಿಸ್ ಮತ್ತು ಉದ್ಯಾನಗಳ ಇಲಾಖೆಯಿಂದ ಸಾವಿರಾರು ಹೊಸ ನೌಕರರನ್ನು ಒಮ್ಮೆಲೇ ತೆಗೆದರು. ನನ್ನ ಸಹಪಾಠಿಗಳೂ ಅದರಲ್ಲಿ ಇದ್ದರು.

ಸ್ವಂತ ಖರ್ಚಿನಲ್ಲಿ ಅಲ್ಲಿ ಎಂ.ಎಸ್. ಮಾಡಿದರೆ ಸಾಲದ ಲೆಕ್ಕ ಭಟ್ರೇ ಹಾಕಿ. 40 ಲಕ್ಷ, ಶೇ. 11.

ಆದರೆ ಒಂದು ಮಾತು. ಪಿಎಚ್.ಡಿ.ಗೆ ಹೋಗುವುದಾದರೆ, ಇಲ್ಲವೇ ಪ್ರೊಫೆಸರ್ ಒಬ್ಬರು ಅಸಿಸ್ಟೆಂಟ್‌ಶಿಪ್ ಕೊಟ್ಟು ಫೀಸು ಮನ್ನಾ ಮಾಡಿಸುವುದಾದರೆ ಕಣ್ಣು ಮುಚ್ಚಿ ಹೋಗಬಹುದು. ಈ ವಿಷಯದಲ್ಲಿ ಸಂಶೋಧನಾ ಎಂ.ಎಸ್.ಗೂ ಅಂಥ ಅವಕಾಶ ಇದೆ. ನಾನು ಹೋದದ್ದು ಹಾಗೆ. ಸ್ವಂತ ದುಡ್ಡಿನಲ್ಲಿ ಆದರೆ ನನ್ನ ತಂಗಿಗೂ ಬೇಡ ಎನ್ನುತ್ತೇನೆ.

ಡೊಂಬಿವಲಿ ಬ್ಯಾಂಕ್ ಭಟ್ರು

40 ಲಕ್ಷ, ಶೇ. 11, 10 ವರ್ಷ. ತಿಂಗಳಿಗೆ ಸುಮಾರು 55,100. ಓದುವಾಗ ಸೇರಿದ ಬಡ್ಡಿ ಇದರಲ್ಲಿ ಇಲ್ಲ. ಭಾರತಕ್ಕೆ ವಾಪಸ್ ಬಂದು ಸಂರಕ್ಷಣೆ ಕೆಲಸಕ್ಕೆ ಸೇರಿದರೆ ಇಡೀ ಸಂಬಳ ಕೊಟ್ಟರೂ ಸಾಲದು.

ವಾಸ್ಕೊ ಮಾಸ್ತರ

ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು, ಗೋವಾದಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಲ್ಲಿ ಮಾತೆಲ್ಲ 9 ಲಕ್ಷ, 40 ಲಕ್ಷದ್ದು. ನಮ್ಮ ಬೈನಾ, ಝುವಾರಿನಗರದ ಮಕ್ಕಳ ಅಪ್ಪ ಅಮ್ಮ ಗಾರೆ ಕೆಲಸಕ್ಕೆ, ಮೀನಿನ ಜೆಟ್ಟಿಗೆ ಹೋಗುವವರು. ಅವರಲ್ಲೂ ಇಂಥ ಆಸೆ ಇರುವ ಮಕ್ಕಳಿದ್ದಾರೆ. ಒಬ್ಬ ಹುಡುಗ ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ ನೋಡಿ ಬಂದವನು ಅದೇ ಧ್ಯಾನದಲ್ಲಿದ್ದಾನೆ. ಅವನಿಗೆ ಏನು ಹೇಳಲಿ? ಕಾಲೇಜು ಮಾಸ್ತರಿಕೆಯಾದರೂ ಸಿಗುತ್ತದಾ?

ಐರೋಲಿ ಕಾಂಡ್ಲಾ

ಸರ್, ಮಾಸ್ತರಿಕೆ ಮೊದಲು ಹೇಳಿಬಿಡುತ್ತೇನೆ. ಖಾಯಂ ಆದರೆ ಸಹಾಯಕ ಪ್ರಾಧ್ಯಾಪಕರಿಗೆ ಶುರುವಿನ ಮೂಲ ವೇತನ 57,700. ಆದರೆ ಮಹಾರಾಷ್ಟ್ರದಲ್ಲಿ ಎಷ್ಟೋ ಜನ ನೆಟ್ ಪಾಸಾದವರು ಸಿಎಚ್‌ಬಿ ಮೇಲೆ, ಅಂದರೆ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದಾರೆ. ರಜೆ ಬಂದರೆ ಸಂಬಳ ಇಲ್ಲ.

ನಿಮ್ಮ ಹುಡುಗನಿಗೆ ಕಡಿಮೆ ಖರ್ಚಿನ ದಾರಿ ಇದೆ. ಹತ್ತಿರದ ಸರಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಲಿ. ಐಎಫ್‌ಎಸ್ ಅರ್ಹತೆಯೂ ಉಳಿಯುತ್ತದೆ. ಆ ಮೂರು ವರ್ಷ ಹಕ್ಕಿ, ಚಿಟ್ಟೆ, ಗಿಡ ಗುರುತಿಸುವುದು ಕಲಿಯಲಿ, ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಲಿ. ಆಮೇಲೆ ಎಂ.ಎಸ್‌ಸಿ.ಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇವೆ. ಸೀಟು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಇದೆ, ಎನ್‌ಸಿಬಿಎಸ್‌ನಲ್ಲಿ ಪ್ರವೇಶ ಎರಡು ವರ್ಷಕ್ಕೊಮ್ಮೆ. ಅಲ್ಲಿ ಆಗದಿದ್ದರೆ ಗೋವಾ ವಿಶ್ವವಿದ್ಯಾಲಯದಲ್ಲಿ ಸಮುದ್ರ ವಿಜ್ಞಾನ ಇದೆ. ಪಕ್ಕದ ದೋನಾ ಪಾವ್ಲಾದಲ್ಲೇ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಗೋವಾದಲ್ಲೇ ಇರುವ ಹುಡುಗನಿಗೆ ಇದಕ್ಕಿಂತ ಅನುಕೂಲ ಬೇಕಾ? ಅವನನ್ನು ನನಗೆ ಮೆಸೇಜ್ ಮಾಡಲು ಹೇಳಿ ಸರ್. ಅರ್ಜಿ ತುಂಬುವುದರಿಂದ ಹಿಡಿದು ಎಲ್ಲ ನಾನು ಕೂತು ಹೇಳಿಕೊಡುತ್ತೇನೆ.

ಹಿಂಜವಡಿ ಶಿರಸಿಯವ

ಮಾಸ್ತರೇ, ಗಳಿಕೆ ಬೇಗ ಶುರುವಾಗಬೇಕಾದ ಮನೆಯಾದರೆ ಅರಣ್ಯ ಇಲಾಖೆಯ ಗಸ್ತು ಹುದ್ದೆಗಳೂ ಇವೆ. ಕರ್ನಾಟಕದಲ್ಲಿ ಅದಕ್ಕೆ ಗಸ್ತು ಅರಣ್ಯ ಪಾಲಕ ಎನ್ನುತ್ತಾರೆ, ಪಿಯುಸಿ ಮಟ್ಟದ ಹುದ್ದೆ. ಅದನ್ನು ಚಿಕ್ಕ ಕೆಲಸ ಅಂದುಕೊಳ್ಳಬೇಡಿ. ಕಾಡು ನಿಜವಾಗಿ ಉಳಿದಿರುವುದು ಅವರಿಂದಲೇ. ಕೆಲಸದಲ್ಲಿ ಇದ್ದುಕೊಂಡೇ ಪದವಿ ಮಾಡಿದವರನ್ನು ನಾನು ನೋಡಿದ್ದೇನೆ.

ಮಾಟುಂಗಾ ಮಾಮಾ

ನೀವೆಲ್ಲ ಇಷ್ಟು ಬಿಡಿಸಿ ಹೇಳಿದ ಮೇಲೆ ನನಗೆ ಒಂದು ಕೇಳಬೇಕು. ಇಂಜಿನಿಯರಿಂಗ್ ಮಾಡಿದರೂ ಐಎಫ್‌ಎಸ್‌ಗೆ ಅರ್ಹತೆ ಉಂಟು ಅಂತ ಪಣಜಿಯವರೇ ಬರೆದಿದ್ದಾರೆ. ಹಾಗಿದ್ದರೆ ಸಿವಿಲ್ ಅಥವಾ ಪರಿಸರ ಇಂಜಿನಿಯರಿಂಗ್ ಮಾಡಿಸಿದರೆ ಎರಡೂ ಆಯಿತಲ್ಲ?

ಪಣಜಿ ಫೀಲ್ಡ್ ಮನುಷ್ಯ

ಒಳ್ಳೆಯ ಪ್ರಶ್ನೆ ಮಾಮಾ. ದುಡ್ಡಿನ ಲೆಕ್ಕದಲ್ಲಿ ಅದು ಸುರಕ್ಷಿತ, ಒಪ್ಪುತ್ತೇನೆ. ಕೊಳಚೆ ನೀರು ಶುದ್ಧೀಕರಣ, ಗಾಳಿ ಮಾಲಿನ್ಯ ಇವುಗಳಲ್ಲಿ ಪರಿಸರ ಇಂಜಿನಿಯರುಗಳಿಗೆ ಜೀವವಿಜ್ಞಾನದವರಿಗಿಂತ ಶುರುವಿನಲ್ಲೇ ಜಾಸ್ತಿ ಸಂಬಳ. ನಮ್ಮ ಆಫೀಸಿನಲ್ಲೇ ಹಾಗಿದೆ. ಆದರೆ ಈ ಹುಡುಗಿ ಟೇಕಡಿ ಹತ್ತಿ ಹಕ್ಕಿ ಬರೆಯುವವಳು. ನಾಲ್ಕು ವರ್ಷ ಕಾಂಕ್ರೀಟ್, ಪೈಪು ಓದಿ ಮತ್ತೆ ಮರ ಗುರುತಿಸುವುದು ಮೊದಲಿನಿಂದ ಕಲಿಯಬೇಕು. ಸರಕಾರಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದರೆ ಯೋಚಿಸಲಿ. ಡೊನೇಶನ್ ಕೊಟ್ಟು ಖಾಸಗಿ ಇಂಜಿನಿಯರಿಂಗ್ ಮಾಡಿಸುವುದಕ್ಕಿಂತ ದಾಪೋಲಿಯ ಫಾರೆಸ್ಟ್ರಿ ಸೀಟು ಎಷ್ಟೋ ಮೇಲು.

ಕೊಥ್ರೂಡ್ ಅಮ್ಮ

ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಂತಲ್ಲ, ಯುಪಿಎಸ್‌ಸಿ ಪಟ್ಟಿಯ ಒಂದು ವಿಷಯವೂ ಪೂರ್ಣ ವಿಷಯವಾಗಿ ಇಲ್ಲ. ಪರಿಸರ ನೀತಿ, ಸಂಪನ್ಮೂಲ ಅರ್ಥಶಾಸ್ತ್ರ, ಸುಸ್ಥಿರತೆ ಅಂತ ಹೆಸರುಗಳಿವೆ. ಅದನ್ನು ಬಿಟ್ಟೆವು. ಇವರೂ ನಿಮ್ಮೆಲ್ಲರ ಮಾತು ಮೊದಲಿನಿಂದ ಕೂತು ಓದಿದರು. ದಾಪೋಲಿ ಮತ್ತು ಶಿರಸಿ ಎರಡಕ್ಕೂ ಪ್ರಯತ್ನ ಮಾಡೋಣ, ಜೊತೆಗೆ ಇಲ್ಲೇ ಪುಣೆಯಲ್ಲಿ ಸಸ್ಯಶಾಸ್ತ್ರದ ಬಿ.ಎಸ್‌ಸಿ. ಒಂದು ಕೈಯಲ್ಲಿ ಇರಲಿ ಅಂತ ಈಗಿನ ಮಾತು. ಆ 9 ಲಕ್ಷದಲ್ಲಿ ಹೆಚ್ಚಿನದನ್ನು ಅವಳ ಎಂ.ಎಸ್‌ಸಿ.ಗೆ ಮುಟ್ಟದೆ ಇಡುತ್ತೇವೆ.

ಒಂದು ಅನುಮಾನ. ಅವಳು ಕರ್ನಾಟಕದಲ್ಲಿ ಒಂದು ವರ್ಷವೂ ಓದಿಲ್ಲ. ಶಿರಸಿ ಸೀಟಿಗೆ ಕೆಸಿಇಟಿ, ಅಂದರೆ ಕರ್ನಾಟಕದ ಪ್ರವೇಶ ಪರೀಕ್ಷೆಗೆ ಕೂರಬಹುದಾ?

ಹಿಂಜವಡಿ ಶಿರಸಿಯವ

ಹೊರನಾಡು ಕನ್ನಡಿಗರು ಅಂತ ಒಂದು ಷರತ್ತು ಇದೆ ಅಕ್ಕಾ. ಪರೀಕ್ಷೆ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಹಿತಿ ಪುಸ್ತಕದ ಅರ್ಹತೆಯ ಭಾಗದಲ್ಲಿ ಗಡಿನಾಡು ಕನ್ನಡಿಗರ ಷರತ್ತಿನ ಹತ್ತಿರವೇ ಸಿಗುತ್ತದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಅದಕ್ಕೆ ತಕ್ಕ ದಾಖಲೆ ಬೇಕು. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲೂ ಪಾಸಾಗಬೇಕು. ಯಾವ ಯಾವ ದಾಖಲೆ ಅಂತ ಆ ವರ್ಷದ ಪುಸ್ತಕ ಬಂದ ದಿನವೇ ನೋಡಿಕೊಳ್ಳಿ, ನಿಮ್ಮ ಧಾರವಾಡದ ಹಳೇ ಶಾಲಾ ಪ್ರಮಾಣಪತ್ರಗಳನ್ನು ಈಗಲೇ ಹುಡುಕಿಡಿ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಬರೆಯಲೂ ಬರಬೇಕು. ಅವಳಿಗೆ ಬರೆಯಲು ಬರುತ್ತದಾ?

ಕೊಥ್ರೂಡ್ ಅಮ್ಮ

ಓದುತ್ತಾಳೆ. ಬರೆಯುವಾಗ ಒತ್ತಕ್ಷರ ತಪ್ಪುತ್ತದೆ.

ವಾಸ್ಕೊ ಮಾಸ್ತರ

ಅದಕ್ಕೆ ನಾನಿದ್ದೇನೆ ಅಕ್ಕಾ. ಶನಿವಾರ ಸಂಜೆ ಒಂದು ತಾಸು ಆನ್‌ಲೈನ್‌ನಲ್ಲಿ ಕೂರಿಸಿ. ಹಕ್ಕಿಗಳ ಪಟ್ಟಿಯನ್ನೇ ಇನ್ನು ಮೇಲೆ ಕನ್ನಡದಲ್ಲಿ ಬರೆಯಲು ಹೇಳಿ, ಅದನ್ನೇ ತಿದ್ದುತ್ತೇನೆ. ನಮ್ಮ ಹುಡುಗನನ್ನೂ ಜೊತೆಗೆ ಕೂರಿಸುತ್ತೇನೆ.